ಸಾಕ್ಷಿ ಹೇಳುವ ಶಾಯಿ

(ಸುವರ್ಣ ಮಹೋತ್ಸವದ ಎರಡನೆಯ ದಿನದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಶಾಯಿ ತಯಾರಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಊರಿಗೆ ಬಂದಾಗ ಹಿರಿಯರು ಕೇಳುವುದುಂಟು: "ಏನಪ್ಪಾ ನಿನ್ನ ಕೆಲಸ?" "ಇಂಕು ಮಾಡ್ತೀವಿ" ಅಂದರೆ, "ಇಂಕಲ್ಲಿ ಮಾಡೋದೇನಿದೆಯೋ? ನೀಲಿ, ಕಪ್ಪು, ಕೆಂಪು, ಮೂರೇ ಅಲ್ವಾ?" ಅನ್ನುತ್ತಾರೆ. ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಕೊಡುವುದು ಕಷ್ಟ. ಇವತ್ತು ನೀವು ಮೈಕು ಕೊಟ್ಟು ಅರ್ಧ ಗಂಟೆ ಸಮಯವನ್ನೂ ಕೊಟ್ಟಿದ್ದೀರಿ. ಹಾಗಾಗಿ ಇಲ್ಲಿಯೇ ಉತ್ತರ ಹೇಳಿಬಿಡುತ್ತೇನೆ.

ನಾವು ಶಾಲೆಯಲ್ಲಿ ಬಳಸುವ ಶಾಯಿ ನಾವು ಹೇಳಿದ್ದನ್ನು ಬರೆಯುತ್ತದೆ. ಇನ್ನೊಂದು ಜಾತಿಯ ಶಾಯಿ ಇದೆ. ಅದು ತಾನು ಕಂಡದ್ದನ್ನು ಹೇಳುತ್ತದೆ. ಬಿಸಿ ತಾಗಿದರೆ ಬಣ್ಣ ಬದಲಿಸುತ್ತದೆ, ಬಿಸಿಲು ತಾಗಿದರೆ ಕಪ್ಪಾಗುತ್ತದೆ, ಓರೆ ಮಾಡಿ ನೋಡಿದರೆ ಹಸಿರು ಹೋಗಿ ನೀಲಿಯಾಗುತ್ತದೆ, ಕಣ್ಣಿಗೆ ಕಾಣದ ಬೆಳಕು ಬಿದ್ದರೆ ಹೊಳೆಯುತ್ತದೆ. ಇದನ್ನು ನಾನು ಸಾಕ್ಷಿ ಹೇಳುವ ಶಾಯಿ ಎನ್ನುತ್ತೇನೆ. ಈ ಸಾಕ್ಷಿಯನ್ನು ಕೇಳಲು ಯಂತ್ರ ಬೇಡ, ಇಂಗ್ಲಿಷ್ ಬೇಡ, ದೊಡ್ಡ ಅಧಿಕಾರಿಯ ಸಹಿಯೂ ಬೇಡ. ಆದರೆ ಏನು ಕೇಳಬೇಕು ಎಂಬುದು ಗೊತ್ತಿರಬೇಕು. ಅದನ್ನು ಊರಿನವರೆಲ್ಲ ತಿಳಿದಿರಬೇಕು ಎನ್ನುವುದೇ ನನ್ನ ಇವತ್ತಿನ ಮಾತು.

ಮೊದಲು ನಮ್ಮ ಅಡುಗೆಮನೆಯಿಂದಲೇ ಶುರು ಮಾಡೋಣ. ಆರತಿ ತಟ್ಟೆಯ ನೀರಿಗೆ ಅರಿಶಿನ ಹಾಕಿ, ಚಿಟಿಕೆ ಸುಣ್ಣ ಬೆರೆಸಿದರೆ ಏನಾಗುತ್ತದೆ? ಕೆಂಪು ಓಕುಳಿ ನೀರಾಗುತ್ತದೆ. ಅರಿಶಿನವೂ ಕೆಂಪಲ್ಲ, ಸುಣ್ಣವೂ ಕೆಂಪಲ್ಲ. ಅರಿಶಿನದೊಳಗೆ ಕರ್ಕ್ಯುಮಿನ್ ಎಂಬ ವಸ್ತು ಇದೆ. ಅದರ ಅಣು ಕ್ಷಾರದ ಜೊತೆ ಸೇರಿದಾಗ ತನ್ನ ಆಕಾರವನ್ನು ಸ್ವಲ್ಪ ಬದಲಿಸಿಕೊಳ್ಳುತ್ತದೆ, ಆಗ ಬೇರೆ ಬಣ್ಣದ ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಅದು ಕೆಂಪು. ಅದೇ ನೀರಿಗೆ ನಿಂಬೆರಸ ಹಿಂಡಿ, ಮತ್ತೆ ಹಳದಿಯಾಗುತ್ತದೆ. ಸಾರಿನ ಕಲೆಯಾದ ಬಿಳಿ ಅಂಗಿಗೆ ಸೋಪು ಹಚ್ಚಿದಾಗ ಕಲೆ ಕೆಂಪಾಗುವುದೂ ಇದೇ ಕಾರಣಕ್ಕೆ, ಸೋಪಿನಲ್ಲಿ ಕ್ಷಾರವಿದೆ. ನಮ್ಮ ಅಜ್ಜಿಯಂದಿರಿಗೆ ಈ ಬಣ್ಣ ಬದಲಾವಣೆ ಹೊಸತಲ್ಲ.

ಹಾಗಾದರೆ ಅರಿಶಿನವನ್ನೇ ಶಾಯಿ ಮಾಡಬಹುದಲ್ಲ? ಮಾಡಬಹುದು, ಆದರೆ ಬಾಳಿಕೆ ಬರುವುದಿಲ್ಲ. ಅರಿಶಿನದ ಕಲೆಯ ಬಟ್ಟೆಯನ್ನು ಎರಡು ದಿನ ಬಿಸಿಲಿಗೆ ಹಾಕಿದರೆ ಕಲೆ ತಾನಾಗಿ ಮಾಸುತ್ತದೆ ಎಂದು ಇಲ್ಲಿರುವ ತಾಯಂದಿರಿಗೆ ಗೊತ್ತು. ಬಿಸಿಲು ಆ ಅಣುವನ್ನು ಒಡೆದುಹಾಕುತ್ತದೆ. ಬಣ್ಣ ಬದಲಿಸುವ ವಸ್ತುಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಬೇಗ ಸ್ಪಂದಿಸುವ ಗುಣವಿದ್ದರೆ ಬೇಗ ಹಾಳಾಗುವ ಗುಣವೂ ಜೊತೆಗಿರುತ್ತದೆ. ಆದ್ದರಿಂದ ಅದನ್ನು ಒಂಟಿಯಾಗಿ ಬಿಡುವುದಿಲ್ಲ, ಬೇರೆ ವಸ್ತುಗಳ ಜೊತೆಗೂಡಿಸುತ್ತೇವೆ. ಇದಕ್ಕೆ ಕಾಂಪೊಸಿಟ್ ಎನ್ನುತ್ತಾರೆ. ಹೆಸರು ಹೊಸದು, ವಿದ್ಯೆ ಹಳೆಯದು. ಮಣ್ಣಿನ ಗೋಡೆ ಕಟ್ಟುವಾಗ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುತ್ತಿದ್ದರಲ್ಲ, ಅದೂ ಕಾಂಪೊಸಿಟ್ಟೇ. ಮಣ್ಣು ಮಣ್ಣಾಗಿಯೇ ಇರುತ್ತದೆ, ಹುಲ್ಲು ಹುಲ್ಲಾಗಿಯೇ ಇರುತ್ತದೆ, ಆದರೆ ಎರಡೂ ಸೇರಿದರೆ ಬಿರುಕು ಬಿಡದ ಗೋಡೆ.

ಶಾಯಿಯಲ್ಲಿ ಇದನ್ನು ಹೀಗೆ ಮಾಡುತ್ತಾರೆ. ಬಿಸಿಗೆ ಬಣ್ಣ ಬದಲಿಸುವ ಶಾಯಿಯಲ್ಲಿ ಮೂರು ವಸ್ತುಗಳಿವೆ. ಒಂದು, ಬಣ್ಣ ತಳೆಯಬಲ್ಲ ಆದರೆ ಈಗ ಬಣ್ಣವಿಲ್ಲದ ರಾಸಾಯನಿಕ. ಎರಡು, ಅದಕ್ಕೆ ಬಣ್ಣ ಬರಿಸುವ ಹುಳಿ ಗುಣದ ಪುಡಿ. ಮೂರು, ಮೇಣದಂತೆ ಕರಗುವ ಒಂದು ವಸ್ತು. ತಣ್ಣಗಿರುವಾಗ ಮೇಣ ಗಟ್ಟಿಯಾಗಿರುತ್ತದೆ, ಮೊದಲೆರಡೂ ಕೈಹಿಡಿದುಕೊಂಡಿರುತ್ತವೆ, ಬಣ್ಣ ಕಾಣುತ್ತದೆ. ಬಿಸಿಯಾದರೆ ಮೇಣ ಕರಗಿ ಅವೆರಡನ್ನೂ ಬೇರ್ಪಡಿಸುತ್ತದೆ, ಬಣ್ಣ ಮಾಯವಾಗುತ್ತದೆ. ಮೂರನ್ನೂ ಒಟ್ಟಿಗೆ ಕೂದಲೆಳೆಯ ದಪ್ಪದ ಹತ್ತನೆಯ ಒಂದು ಭಾಗಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಗುಳಿಗೆಗಳೊಳಗೆ ತುಂಬಿಸಿ, ಆ ಗುಳಿಗೆಗಳನ್ನು ಅಂಟಿನಲ್ಲಿ ಕಲಸಿ ಮುದ್ರಿಸುತ್ತಾರೆ. ದಾಳಿಂಬೆಯ ಕಾಳಿನೊಳಗೆ ರಸ ಇರುವಂತೆ. ಈ ಗುಳಿಗೆಯ ಗೋಡೆಯೇ ನಮ್ಮ ಕಸುಬಿನ ಕಷ್ಟದ ಭಾಗ.

ಈಗ ನಮ್ಮ ನಾಡಿನದೇ ಒಂದು ಶಾಯಿಗೆ ಬರುತ್ತೇನೆ. ಮತ ಹಾಕಿದಾಗ ಎಡಗೈ ತೋರುಬೆರಳಿಗೆ ಹಚ್ಚುವ ಗುರುತು ತಯಾರಾಗುವುದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದದ್ದು ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ. ಅದು ರಾಜ್ಯ ಸರ್ಕಾರದ ಸಂಸ್ಥೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ರೂಪುಗೊಂಡ ಸೂತ್ರದಂತೆ ಮೈಸೂರಿನಲ್ಲಿ ತಯಾರಾದ ಶಾಯಿ 1962ರ ಸಾರ್ವತ್ರಿಕ ಚುನಾವಣೆಯಿಂದ ಬಳಕೆಯಲ್ಲಿದೆ. ಬೇರೆ ಹಲವು ದೇಶಗಳಿಗೂ ಅದು ಹೋಗುತ್ತದೆ.

ಅದರೊಳಗಿನ ಮುಖ್ಯ ವಸ್ತು ಸಿಲ್ವರ್ ನೈಟ್ರೇಟ್, ಬೆಳ್ಳಿಯ ಒಂದು ಲವಣ. ಹಚ್ಚಿದ ಕೂಡಲೇ ಕಾಣುವ ನೇರಳೆ ಬರಿಯ ಬಣ್ಣ, ಅದು ತೊಳೆದರೆ ಹೋಗುತ್ತದೆ. ಆದರೆ ಬೆಳ್ಳಿಯ ಲವಣ ಚರ್ಮದ ಉಪ್ಪಿನೊಂದಿಗೆ ಸೇರಿ, ಬೆಳಕು ಬಿದ್ದಂತೆ ಕಪ್ಪಾಗಿ ಅಲ್ಲಿಯೇ ಕೂರುತ್ತದೆ. ಹಳೆಯ ಕಪ್ಪುಬಿಳುಪು ಫೋಟೊ ಫಿಲ್ಮು ಕೆಲಸ ಮಾಡುತ್ತಿದ್ದುದೂ ಇದೇ ಗುಣದಿಂದ. ಮತಗಟ್ಟೆಯಿಂದ ಹೊರಗೆ ಬಿಸಿಲಿಗೆ ಬಂದ ಮೇಲೆ ಗುರುತು ಇನ್ನೂ ಗಟ್ಟಿಯಾಗುವುದನ್ನು ನೀವು ಗಮನಿಸಿರಬಹುದು. ಸೋಪಿಗೂ ಎಣ್ಣೆಗೂ ಅದು ಜಗ್ಗುವುದಿಲ್ಲ. ಚರ್ಮದ ಮೇಲ್ಪದರ ಉದುರಬೇಕು, ಉಗುರು ಬೆಳೆದು ಮುಂದಕ್ಕೆ ಬರಬೇಕು. ಆಸ್ತಿವಂತನಿಗೂ ಕೂಲಿಯವನಿಗೂ ಒಂದೇ ಗೆರೆ, ಒಂದೇ ಮತ ಎಂದು ಈ ಶಾಯಿ ಹೇಳುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡು ಬಂದ ವಿಷಯ. ಇಲ್ಲಿ ಅಂಗನವಾಡಿ ಕಾರ್ಯಕರ್ತೆಯರಿದ್ದೀರಿ, ಆಶಾ ಅಕ್ಕಂದಿರಿದ್ದೀರಿ. ಪೋಲಿಯೊ ಲಸಿಕೆಯ ಪುಟ್ಟ ಬಾಟಲಿಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ನಿಮಗೆ ಅದು ಚೆನ್ನಾಗಿ ಗೊತ್ತು. ಉಳಿದವರಿಗಾಗಿ ಹೇಳುತ್ತೇನೆ.

ಬಾಯಿಗೆ ಹಾಕುವ ಪೋಲಿಯೊ ಹನಿ ಬಿಸಿಗೆ ಬಹಳ ಬೇಗ ಸೋಲುವ ಲಸಿಕೆ. ಕಾರ್ಖಾನೆಯಿಂದ ನಮ್ಮ ಊರಿನವರೆಗೆ ಅದು ತಂಪಿನಲ್ಲಿಯೇ ಬರಬೇಕು. ದಾರಿಯಲ್ಲಿ ಎಲ್ಲೋ ಕರೆಂಟು ಹೋಯಿತು, ಐಸು ಕರಗಿತು, ಪೆಟ್ಟಿಗೆ ಬಿಸಿಲಿನಲ್ಲಿ ಉಳಿಯಿತು ಅಂದುಕೊಳ್ಳಿ. ಲಸಿಕೆ ನೋಡಲು ಹಾಗೆಯೇ ಇರುತ್ತದೆ. ಮತ್ತೆ ತಂಪು ಮಾಡಿಟ್ಟರೆ ಕೈಗೂ ತಣ್ಣಗಿರುತ್ತದೆ. ಆದರೆ ಒಳಗಿನ ಸತ್ವ ಹೋಗಿರುತ್ತದೆ. ಮಗುವಿನ ಬಾಯಿಗೆ ಎರಡು ಹನಿ ಬಿದ್ದವು, ಬೆರಳಿಗೆ ಗುರುತು ಬಿತ್ತು, ತಾಯಿ ನಿಶ್ಚಿಂತಳಾಗಿ ಮನೆಗೆ ಹೋದಳು, ಮಗುವಿಗೆ ಮಾತ್ರ ರಕ್ಷಣೆ ಸಿಗಲಿಲ್ಲ. ಇದಕ್ಕಿಂತ ಕೆಟ್ಟ ಮೋಸ ಬೇರೆ ಇಲ್ಲ, ಏಕೆಂದರೆ ಇದರಲ್ಲಿ ಮೋಸ ಮಾಡಿದವರು ಯಾರೂ ಇಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಆ ಚೌಕ. 1996ರಿಂದ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಕಾರ್ಯಕ್ರಮಗಳ ಪೋಲಿಯೊ ಬಾಟಲಿಗಳ ಮೇಲೆ ಅದು ಬರತೊಡಗಿತು. ಆ ಚೌಕದ ಶಾಯಿಯಲ್ಲಿ ಡೈಅಸಿಟಿಲೀನ್ ಎಂಬ ಜಾತಿಯ ಸಣ್ಣ ಅಣುಗಳಿವೆ. ಅವು ಮೊದಲಿಗೆ ಬಣ್ಣವಿಲ್ಲದವು. ಬಿಸಿ ತಾಗಿದಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗುತ್ತವೆ, ಸರಪಳಿ ಬೆಳೆದಂತೆ ಬಣ್ಣ ಗಾಢವಾಗುತ್ತದೆ. ಹೆಚ್ಚು ಬಿಸಿಯಾದರೆ ಬೇಗ, ಕಡಿಮೆ ಬಿಸಿಯಾದರೆ ನಿಧಾನ. ಒಮ್ಮೆ ಆದ ಸರಪಳಿ ಮತ್ತೆ ಬಿಚ್ಚುವುದಿಲ್ಲ. ಬಾಟಲಿಯನ್ನು ಮತ್ತೆ ಐಸಿನಲ್ಲಿಟ್ಟರೂ ಚೌಕ ಬಿಳಿಯಾಗುವುದಿಲ್ಲ. ಆ ಬಾಟಲಿ ಹುಟ್ಟಿದಂದಿನಿಂದ ಉಂಡ ಬಿಸಿಯನ್ನೆಲ್ಲ ಅದು ಕೂಡಿಸುತ್ತಾ ಬಂದಿರುತ್ತದೆ, ಸಾಲದ ಪುಸ್ತಕದ ಹಾಗೆ. ಲಸಿಕೆ ಎಷ್ಟು ಬೇಗ ಕೆಡುತ್ತದೋ ಅದೇ ವೇಗಕ್ಕೆ ಶಾಯಿಯೂ ಬದಲಾಗುವಂತೆ ಹೊಂದಿಸುವುದರಲ್ಲಿ ಜಾಣತನವಿದೆ.

ಓದುವ ವಿಧಾನ ಸುಲಭ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ, ಅವಧಿಯೂ ಮುಗಿಯದಿದ್ದರೆ, ಹಾಕಬಹುದು. ಚೌಕ ವೃತ್ತದ ಬಣ್ಣಕ್ಕೆ ಸಮವಾದರೆ, ಅಥವಾ ಇನ್ನೂ ಗಾಢವಾದರೆ, ಹಾಕಬಾರದು. ಅಷ್ಟೇ.

ಇದರ ಅರ್ಥ ಏನೆಂದು ಒಂದು ನಿಮಿಷ ಯೋಚಿಸಿ. ಹತ್ತನೇ ತರಗತಿ ಓದಿದ ಒಬ್ಬ ಹೆಣ್ಣುಮಗಳು, ಊರಾಚೆಯ ತೋಟದ ಮನೆಯ ಜಗುಲಿಯ ಮೇಲೆ ಕುಳಿತು, ಯಾರಿಗೂ ಫೋನು ಮಾಡದೆ, "ಈ ಬಾಟಲಿ ಬೇಡ" ಎಂದು ಪಕ್ಕಕ್ಕಿಡಬಹುದು. ಅವಳನ್ನು ಪ್ರಶ್ನಿಸಿದರೆ ಬಾಟಲಿಯನ್ನೇ ತೋರಿಸಬಹುದು. ಮೊದಲು ಇಂಥ ತೀರ್ಮಾನ ಪ್ರಯೋಗಾಲಯದವರ ಕೈಯಲ್ಲಿತ್ತು, ಅನುಮಾನ ಬಂದರೆ ಒಳ್ಳೆಯ ಲಸಿಕೆಯನ್ನೂ ಎಸೆಯಬೇಕಾಗುತ್ತಿತ್ತು. ಈಗ ಒಂದು ಚುಕ್ಕೆ ಶಾಯಿ ಆ ತೀರ್ಮಾನವನ್ನು ಅವಳ ಕೈಗೆ ಕೊಟ್ಟಿದೆ. ನಮ್ಮ ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್ 27ರಂದು ಭಾರತವಿದ್ದ ಪ್ರದೇಶಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿತು. ಅದು ಲಕ್ಷಾಂತರ ಕಾರ್ಯಕರ್ತೆಯರ ಕಾಲ್ನಡಿಗೆಯ ಫಲ. ಆ ನಡಿಗೆಯಲ್ಲಿ ಈ ಪುಟ್ಟ ಚೌಕವೂ ಜೊತೆಗಿತ್ತು. ತಾಯಂದಿರಲ್ಲಿ ನನ್ನ ವಿನಂತಿ: ಹನಿ ಹಾಕಿಸುವಾಗ "ಅಕ್ಕಾ, ಬಾಟಲಿ ಸ್ವಲ್ಪ ತೋರಿಸಿ" ಎಂದು ಕೇಳಿ. ಅದು ಅನುಮಾನವಲ್ಲ, ಅವರ ಕೆಲಸಕ್ಕೆ ನೀವು ಕೊಡುವ ಗೌರವ.

ಇದೇ ಬಿಸಿಯ ಶಾಯಿಯಿಂದ ನಾವು ಎಚ್ಚರವಾಗಿರಬೇಕಾದ ಎರಡು ಸಂಗತಿಗಳಿವೆ. ಬಸ್ಸಿನ ಟಿಕೆಟ್, ರೇಷನ್ ಅಂಗಡಿಯ ಚೀಟಿ, ಗೊಬ್ಬರದ ಅಂಗಡಿಯ ಯಂತ್ರದಿಂದ ಬರುವ ರಸೀತಿ, ಎಟಿಎಂ ಚೀಟಿ, ಇವುಗಳಲ್ಲಿ ಹೆಚ್ಚಿನವುಗಳಿಗೆ ಶಾಯಿಯನ್ನೇ ಹಾಕಿರುವುದಿಲ್ಲ. ಕಾಗದಕ್ಕೇ ಬಣ್ಣ ತಳೆಯುವ ರಾಸಾಯನಿಕ ಬಳಿದಿರುತ್ತಾರೆ. ಯಂತ್ರ ಅಕ್ಷರದ ಆಕಾರದಲ್ಲಿ ಬಿಸಿ ಕೊಡುತ್ತದೆ, ಬಿಸಿಯಾದ ಜಾಗ ಕಪ್ಪಾಗುತ್ತದೆ. ಉಗುರಿನಿಂದ ಜೋರಾಗಿ ಗೀರಿ ನೋಡಿ, ಅಲ್ಲೂ ಗೆರೆ ಮೂಡುತ್ತದೆ. ಈ ಬರಹ ಬಿಸಿಲು, ಎಣ್ಣೆ, ಕೆಲವು ಪ್ಲಾಸ್ಟಿಕ್ ಕವರು ತಾಗಿದರೆ ಕ್ರಮೇಣ ಅಳಿಸಿಹೋಗುತ್ತದೆ. ಬೀಜ ಮೊಳೆಯದೆ ಹೋದಾಗ, ಪಂಪ್‌ಸೆಟ್ಟಿನ ಮೋಟಾರು ಗ್ಯಾರಂಟಿಯೊಳಗೇ ಸುಟ್ಟಾಗ ನಿಮ್ಮ ಬಳಿ ಇರುವುದು ಬಿಳಿ ಕಾಗದ. ಆದ್ದರಿಂದ ಇಂಥ ರಸೀತಿ ಬಂದ ದಿನವೇ ಒಂದು ಜೆರಾಕ್ಸ್ ಮಾಡಿಸಿ, ಅಥವಾ ಫೋನಿನಲ್ಲಿ ಫೋಟೊ ತೆಗೆದಿಡಿ.

ಎರಡನೆಯದು ಅಳಿಸುವ ಪೆನ್ನು. ಹಿಂಭಾಗದ ರಬ್ಬರಿನಿಂದ ಉಜ್ಜಿದರೆ ಬರಹ ಮಾಯವಾಗುವ ಪೆನ್ನು ಮಕ್ಕಳಿಗೆ ಇಷ್ಟ. ಜಪಾನಿನ ಪೈಲಟ್ ಕಂಪನಿ ಇದನ್ನು 2006ರ ಸುಮಾರಿಗೆ ಮಾರುಕಟ್ಟೆಗೆ ತಂದಿತು. ಆ ರಬ್ಬರು ಶಾಯಿಯನ್ನು ಕೆರೆಯುವುದಿಲ್ಲ, ಉಜ್ಜಿ ಬಿಸಿ ಮಾಡುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಾನು ಆಗಲೇ ಹೇಳಿದ ಗುಳಿಗೆಗಳೊಳಗಿನ ಜೋಡಿ ಬೇರ್ಪಡುತ್ತದೆ, ಬಣ್ಣ ಹೋಗುತ್ತದೆ. ಗಣಿತದ ರಫ್ ಪುಸ್ತಕಕ್ಕೆ ಇದು ಒಳ್ಳೆಯದು. ಆದರೆ ಸಾಲದ ಪತ್ರಕ್ಕೆ, ಚೆಕ್ಕಿಗೆ, ಕರಾರಿಗೆ, ಪರೀಕ್ಷೆಯ ಉತ್ತರಪತ್ರಿಕೆಗೆ ಖಂಡಿತ ಬೇಡ. ಮಾಯವಾಗುವ ಶಾಯಿಯಲ್ಲಿ ಚೆಕ್ಕು ಬರೆಸಿ, ಮೊತ್ತ ಅಳಿಸಿ ಮೋಸ ಮಾಡುವವರೂ ಇದ್ದಾರೆ. ಯಾರೇ ಪೆನ್ನು ಕೊಟ್ಟು "ಇಲ್ಲಿ ಸಹಿ ಹಾಕಿ" ಎಂದರೂ, ನಿಮ್ಮ ಜೇಬಿನ ಬಾಲ್‌ಪೆನ್ನಿನಿಂದಲೇ ಬರೆಯಿರಿ.

ಇನ್ನು ಹೊಳೆಯುವ ಶಾಯಿ. ಇದಕ್ಕೆ ಕನ್ನಡದಲ್ಲಿ ಪ್ರತಿದೀಪ್ತಿ ಎನ್ನುತ್ತೇವೆ. ನೇರಳಾತೀತ ಕಿರಣ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೆ ಕೆಲವು ವಸ್ತುಗಳು ಅದನ್ನು ನುಂಗಿ, ಕಾಣುವ ಬೆಳಕನ್ನು ಹೊರಗೆ ಬಿಡುತ್ತವೆ. ಸಂತೆಯ ದಲ್ಲಾಳಿಯನ್ನು ನೆನೆಸಿಕೊಳ್ಳಿ. ನೂರು ರೂಪಾಯಿ ಅವನ ಕೈಸೇರಿದರೆ ತನ್ನ ಪಾಲನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ಈ ಅಣುಗಳೂ ಹಾಗೆಯೇ. ಬಂದ ಶಕ್ತಿಯಲ್ಲಿ ಸ್ವಲ್ಪವನ್ನು ಬಿಸಿಯಾಗಿ ತಮ್ಮಲ್ಲೇ ಕಳೆದು, ಉಳಿದದ್ದನ್ನು ಕಡಿಮೆ ಶಕ್ತಿಯ ಬೆಳಕಾಗಿ, ಅಂದರೆ ನೀಲಿ, ಹಸಿರು, ಕೆಂಪಾಗಿ ಬಿಡುತ್ತವೆ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್‌ನ ದ್ರಾವಣ ಹೀಗೆ ನೀಲಿಯಾಗಿ ಹೊಳೆಯುವುದನ್ನು ಇಟ್ಟುಕೊಂಡು 1852ರಲ್ಲಿ ಇದನ್ನು ವಿವರಿಸಿದವರು ಜಾರ್ಜ್ ಸ್ಟೋಕ್ಸ್.

ನೋಟಿನಲ್ಲಿ ಇದರ ಉಪಯೋಗವಿದೆ. ನೋಟಿನ ಕ್ರಮಸಂಖ್ಯೆ, ಕಾಗದದೊಳಗೆ ಸೇರಿಸಿದ ಸಣ್ಣ ಎಳೆಗಳು ನೇರಳಾತೀತ ದೀಪದಡಿ ಹೊಳೆಯುತ್ತವೆ. ಆದರೆ ಸ್ವಾರಸ್ಯ ಇರುವುದು ಹೊಳೆಯದ ಭಾಗದಲ್ಲಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಳಿ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕಿರುತ್ತಾರೆ, ಬಟ್ಟೆ ತೊಳೆಯುವ ಪುಡಿಯಲ್ಲೂ ಅದೇ ಇದೆ. ಹಾಗಾಗಿ ಅಂಥ ಕಾಗದ ಇಡಿಯಾಗಿ ನೀಲಿಯಾಗಿ ಹೊಳೆಯುತ್ತದೆ. ನೋಟಿನ ಕಾಗದ ಹತ್ತಿಯದು, ಅದು ಮಂಕಾಗಿಯೇ ಇರಬೇಕು. ಮಂಕಾದ ಹಿನ್ನೆಲೆಯಲ್ಲಿ ಗೊತ್ತಾದ ಕಡೆ ಮಾತ್ರ ಹೊಳಪಿದ್ದರೆ ಒಳ್ಳೆಯ ಲಕ್ಷಣ, ಇಡೀ ನೋಟು ಹೊಳೆದರೆ ಅನುಮಾನ.

500 ರೂಪಾಯಿ ನೋಟನ್ನು ಓರೆ ಮಾಡಿ ನೋಡಿ. ಬಲಗಡೆ ಕೆಳಗಿನ 500 ಎಂಬ ಅಂಕಿಯೂ ನಡುವಿನ ಭದ್ರತಾ ಎಳೆಯೂ ಹಸಿರಿನಿಂದ ನೀಲಿಗೆ ತಿರುಗುತ್ತವೆ. ಇದರ ಹಿಂದೆ ಇರುವುದು ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಬಿದ್ದ ಡೀಸೆಲ್‌ನಲ್ಲಿ ಕಾಣುವ ಕಾಮನಬಿಲ್ಲಿನ ಗುಟ್ಟೇ. ಅಂಥ ಶಾಯಿಯಲ್ಲಿ ಬಹಳ ತೆಳುವಾದ ಪದರಗಳನ್ನು ಒಂದರ ಮೇಲೊಂದು ಕೂರಿಸಿ ಮಾಡಿದ ಹುಡಿ ಇರುತ್ತದೆ. ಪದರಗಳಿಂದ ತಿರುಗಿ ಬರುವ ಬೆಳಕು ನೋಡುವ ಕೋನಕ್ಕೆ ತಕ್ಕಂತೆ ಒಂದು ಬಣ್ಣವನ್ನು ಹೆಚ್ಚಿಸಿ, ಇನ್ನೊಂದನ್ನು ಅಡಗಿಸುತ್ತದೆ. ಜೆರಾಕ್ಸ್ ಯಂತ್ರ ಒಂದೇ ಕೋನದಿಂದ ನೋಡುವುದರಿಂದ ಈ ಗುಣವನ್ನು ನಕಲು ಮಾಡಲಾರದು. ಅಂದಹಾಗೆ, ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯ ಮತ್ತು ನೋಟಿನ ಕಾಗದದ ಕಾರ್ಖಾನೆ ನಮ್ಮ ಮೈಸೂರಿನಲ್ಲಿಯೂ ಇವೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ಸಾಕ್ಷಿ ತಾನು ಕಂಡದ್ದನ್ನು ಮಾತ್ರ ಹೇಳಬಲ್ಲದು. ಲಸಿಕೆಯ ಚೌಕ ಬಿಸಿಯನ್ನು ಹೇಳುತ್ತದೆ, ಅತಿ ಚಳಿಗೆ ಹೆಪ್ಪುಗಟ್ಟಿ ಕೆಡುವ ಬೇರೆ ಲಸಿಕೆಗಳ ಬಗ್ಗೆ ಏನೂ ಹೇಳದು. ಅವಧಿ ಮುಗಿದದ್ದನ್ನೂ ಅದು ಹೇಳದು, ಅದಕ್ಕೆ ದಿನಾಂಕವನ್ನೇ ಓದಬೇಕು. ಬೆರಳಿನ ಗೆರೆ ಮತ ಹಾಕಿದ್ದನ್ನು ಹೇಳುತ್ತದೆ, ಯಾರಿಗೆ ಹಾಕಿದ್ದೆಂದು ಹೇಳದು, ಹೇಳಲೂಬಾರದು. ಜೇಬಿನಲ್ಲಿ ಮರೆತು ಸೋಪಿನ ಪುಡಿಯಲ್ಲಿ ತೊಳೆದ ಅಸಲಿ ನೋಟು ಕೂಡ ಹೊಳೆಯಬಹುದು. ಅದಕ್ಕೇ ನೋಟಿನಲ್ಲಿ ಒಂದಲ್ಲ, ಹಲವು ಗುರುತುಗಳನ್ನು ಇಟ್ಟಿದ್ದಾರೆ. ಹಲವು ಸಾಕ್ಷಿಗಳನ್ನು ಕೇಳಿ ತೀರ್ಪು ಕೊಡುವುದು ಪಂಚಾಯಿತಿ ಕಟ್ಟೆಯ ನ್ಯಾಯವೂ ಹೌದು, ವಿಜ್ಞಾನದ ನ್ಯಾಯವೂ ಹೌದು.

ಈ ಕ್ಷೇತ್ರ ಈಗಲೂ ಬೆಳೆಯುತ್ತಿದೆ. ಒಂದೇ ವಸ್ತುವನ್ನು ಅತಿ ಸಣ್ಣ ಕಣಗಳಾಗಿ ಮಾಡಿ, ಕಣದ ಗಾತ್ರ ಬದಲಿಸಿದರೆ ಹೊಳಪಿನ ಬಣ್ಣವೇ ಬದಲಾಗುತ್ತದೆ. ಕ್ವಾಂಟಮ್ ಡಾಟ್ ಎಂಬ ಈ ಕಣಗಳ ಕೆಲಸಕ್ಕೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅವುಗಳಲ್ಲಿ ಕೆಲವು ಕ್ಯಾಡ್ಮಿಯಮ್‌ನಂಥ ವಿಷಲೋಹದಿಂದ ಮಾಡಿದವು. ಅದರ ಬದಲು ಇಂಗಾಲದಿಂದಲೇ ಹೊಳೆಯುವ ಕಣ ಮಾಡಬಹುದು ಎಂದು 2004ರಿಂದೀಚೆಗೆ ತಿಳಿದಿದೆ. ನಿಂಬೆರಸವನ್ನು ಮುಚ್ಚಿದ ಪಾತ್ರೆಯಲ್ಲಿ ಹೆಚ್ಚಿನ ಬಿಸಿಗೆ ಕಾಯಿಸಿಯೂ ಅಂಥ ಕಣ ಪಡೆಯುತ್ತಾರೆ. ಮೀನು ಹಳಸಿದಾಗ ಕ್ಷಾರಗುಣದ ಆವಿ ಬರುತ್ತದೆ. ಅರಿಶಿನದ ಸತ್ವ ಬೆರೆಸಿದ ತೆಳುಹಾಳೆಯನ್ನು ಪೊಟ್ಟಣದೊಳಗಿಟ್ಟು, ಅದು ಕೆಂಪಾದರೆ ಮೀನು ಕೆಟ್ಟಿದೆ ಎಂದು ತಿಳಿಯುವ ಪ್ರಯತ್ನವನ್ನೂ ಸಂಶೋಧಕರು ಮಾಡಿದ್ದಾರೆ. ನಮ್ಮ ಆರತಿ ತಟ್ಟೆ ಪ್ರಯೋಗಾಲಯಕ್ಕೆ ಹೋದ ದಾರಿ ಇದು.

ಮಕ್ಕಳೇ, ಕೊನೆಯ ಮಾತು ನಿಮಗೆ. ಅರಿಶಿನದ ನೀರಿನಲ್ಲಿ ಕಾಗದವನ್ನು ಅದ್ದಿ ಒಣಗಿಸಿ. ಸೋಪು, ಸುಣ್ಣ, ಹುಣಸೆಹುಳಿ, ಮಜ್ಜಿಗೆ, ಬೋರ್‌ವೆಲ್ ನೀರು, ಒಂದೊಂದು ಹನಿ ಹಾಕಿ ನೋಡಿ. ಪಾಲಕ್ ಸೊಪ್ಪನ್ನು ಅರೆದು ಸ್ಪಿರಿಟ್‌ನಲ್ಲಿ ಸೋಸಿ, ಕತ್ತಲಲ್ಲಿ ನೇರಳಾತೀತ ಟಾರ್ಚು ಬಿಡಿ. ಹಸಿರು ರಸ ಕೆಂಪಾಗಿ ಹೊಳೆಯುತ್ತದೆ. ಏಕೆ ಎಂದು ನಿಮ್ಮ ವಿಜ್ಞಾನದ ಮೇಡಂ ಅವರನ್ನು ಕೇಳಿ. ಟಾರ್ಚನ್ನು ಮಾತ್ರ ಯಾರ ಕಣ್ಣಿಗೂ ಬಿಡಬೇಡಿ, ಸ್ಪಿರಿಟ್ ಇರುವ ಕಡೆ ಬೆಂಕಿ ಬೇಡ, ಶಿಕ್ಷಕರು ಜೊತೆಗಿರಲಿ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಇದನ್ನು ಊರಿನವರಿಗೆ ತೋರಿಸಿ. ಆ ದಿನಕ್ಕೂ ಇದಕ್ಕೂ ನಂಟಿದೆ. ರಾಮನ್ ಅವರ ಪ್ರಯೋಗಾಲಯದಲ್ಲಿ 1923ರಲ್ಲಿ ಕೆ. ಆರ್. ರಾಮನಾಥನ್ ಅವರಿಗೆ ಒಂದು ಮಂದ ಬೆಳಕು ಕಂಡಾಗ, ಅದು ದುರ್ಬಲ ಪ್ರತಿದೀಪ್ತಿ ಇರಬೇಕು ಎಂದೇ ಎಣಿಸಲಾಗಿತ್ತು. ಅಷ್ಟಕ್ಕೇ ಬಿಡದೆ ಮತ್ತೆ ಮತ್ತೆ ಪ್ರಶ್ನಿಸಿದ್ದರಿಂದ 1928ರಲ್ಲಿ ಅದು ಬೇರೆಯೇ ಒಂದು ಪರಿಣಾಮ ಎಂದು ಸ್ಪಷ್ಟವಾಯಿತು.

ಸುವರ್ಣ ಮಹೋತ್ಸವದ ನೆನಪಿಗಾಗಿ ನಮ್ಮ ಬ್ಯಾಚಿನವರು ಶಾಲೆಯ ಪ್ರಯೋಗಾಲಯಕ್ಕೆ ಆರು ನೇರಳಾತೀತ ಟಾರ್ಚು, ಆರು ಭೂತಗನ್ನಡಿ, ಕಣ್ಣಿಗೆ ಹಾಕುವ ಕನ್ನಡಕಗಳಿರುವ ಒಂದು ಪೆಟ್ಟಿಗೆಯನ್ನು ಕೊಡುತ್ತಿದ್ದೇವೆ. ಗುರುಗಳಲ್ಲಿ ಒಂದೇ ವಿನಂತಿ. ಅದಕ್ಕೆ ಬೀಗ ಹಾಕಿ ಬೀರುವಿನಲ್ಲಿ ಇಡಬೇಡಿ. ಒಂದೆರಡು ಒಡೆದರೂ ಚಿಂತೆಯಿಲ್ಲ, ಮತ್ತೆ ತಂದುಕೊಡುತ್ತೇವೆ.